ದೊರೆಸಾನಿಯ ಇಪ್ಪತ್ತನೇ ತಪಾಸಣೆ

ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಫೇಲಾಗದ ಗಾಡಿ ನಮ್ಮ ಗ್ಯಾರೇಜಿಗೆ ಬರುತ್ತಿದ್ದದ್ದು ಒಂದೇ. ಅದು ಹೆಡ್ಲಿ ಕ್ರಾಬ್‌ಟ್ರೀಯವರ ಮನೆಗಾಡಿ. ಒಳಗೆ ಎರಡು ಹಾಸಿಗೆ, ಒಂದು ಒಲೆ, ಪುಟ್ಟ ಬಚ್ಚಲು, ಹೂವಿನ ಪರದೆ, ಎಲ್ಲ ಇತ್ತು. ಬೇಕೆಂದಲ್ಲಿಗೆ ಹೋಗಿ, ಅಲ್ಲೇ ಬೇಯಿಸಿ ತಿಂದು, ಮಲಗಿ ಎದ್ದು ಬರಬಹುದು. ಹೆಡ್ಲಿ ಅದಕ್ಕೆ ದೊರೆಸಾನಿ ಎಂದು ಹೆಸರಿಟ್ಟಿದ್ದರು. ಹೆಸರಿಗೆ ತಕ್ಕ ಹಾಗೆ ಅವಳು ಎಲ್ಲಿಗೂ ಹೋಗುತ್ತಿರಲಿಲ್ಲ.

ಗ್ಯಾರೇಜಿನಲ್ಲಿ ಗಾಡಿಯ ಕೆಳಗೆ ನುಗ್ಗಿ ನೋಡುವವನು ನನ್ನ ತಮ್ಮ ಕೀತ್. ಮುಂದಿನ ಮೇಜಿನಲ್ಲಿ ಕೂತು ದಿನ ಗೊತ್ತು ಮಾಡುವುದು, ಟೀ ಕಾಯಿಸುವುದು, ಫಲಿತಾಂಶ ಹೇಳುವುದು ನನ್ನ ಕೆಲಸ. ವರ್ಷಕ್ಕೊಮ್ಮೆ ಎಂಒಟಿ ತಪಾಸಣೆಗೆ ಬಾರದ ಗಾಡಿ ರಸ್ತೆಗೆ ಇಳಿಯುವ ಹಾಗಿಲ್ಲವಾದ್ದರಿಂದ ಯಾರ್ಕ್‌ಶರ್‌ನ ಸ್ಕಾರ್‌ಬೆಕ್ ಊರಿನ ಎಲ್ಲರ ಮುಖವನ್ನೂ ನಾನು ವರ್ಷಕ್ಕೊಮ್ಮೆಯಾದರೂ ಬಾಡಿದ ಸ್ಥಿತಿಯಲ್ಲಿ ನೋಡಿದ್ದೇನೆ. ನನ್ನ ಮೇಜಿನ ಮೇಲೆ ಎರಡು ಡಬ್ಬಿ ಇವೆ. ಪಾಸಾದವರಿಗೆ ಸಾದಾ ಬಿಸ್ಕತ್ತು, ಫೇಲಾದವರಿಗೆ ಚಾಕೊಲೇಟ್ ಬಿಸ್ಕತ್ತು. ಪಾಸಾದವರಿಗೆ ಹೇಗೂ ಖುಷಿ ಇರುತ್ತದೆ, ಚಾಕೊಲೇಟ್ ಯಾಕೆ ದಂಡ? ಈ ಪದ್ಧತಿ ನಮ್ಮಮ್ಮನ ಕಾಲದ್ದು. ಇದನ್ನು ಯಾರಿಗೂ ಮುರಿಯಲು ಬಿಟ್ಟಿಲ್ಲ, ಊರಿನ ಪಾದ್ರಿಗೂ.

ಹೆಡ್ಲಿಗೆ ಹತ್ತೊಂಬತ್ತು ವರ್ಷವೂ ಸಾದಾ ಬಿಸ್ಕತ್ತೇ.

ಅವರು ರೈಲ್ವೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ಮೂವತ್ತೈದು ವರ್ಷ ಕೂತು ಬೇರೆಯವರನ್ನೆಲ್ಲ ಸಮುದ್ರದ ಕಡೆಗೆ ಕಳಿಸಿಕೊಟ್ಟವರು. ನಿವೃತ್ತರಾದ ವಾರವೇ ಈ ಗಾಡಿ ಕೊಂಡರು. ಹೆಂಡತಿ ಐರಿಸ್ ಅವತ್ತೇ ಪರದೆ ಹೊಲಿದರು, ನಕ್ಷೆ ಕೊಂಡರು, ಥರ್ಮಾಸ್ ತೊಳೆದಿಟ್ಟರು. "ಮೊದಲು ಎಂಒಟಿ ಪಾಸಾಗಲಿ" ಎಂದರು ಹೆಡ್ಲಿ. ಪಾಸಾಯಿತು. "ಈಗ ತಾನೇ ಪಾಸಾಗಿದೆ, ಯಾಕೆ ಕೆಡಿಸೋದು?" ಎಂದರು. ಹೀಗೆ ವರ್ಷದಲ್ಲಿ ಆರು ತಿಂಗಳು ಆ ಮಾತು, ಆರು ತಿಂಗಳು ಈ ಮಾತು.

ತಪಾಸಣೆಯ ದಿನ ಗಾಡಿ ಎಷ್ಟು ಮೈಲಿ ಓಡಿದೆ ಎಂಬುದನ್ನೂ ಬರೆಯಬೇಕು. ಬರೆಯುವವಳು ನಾನೇ. ದೊರೆಸಾನಿಯ ಲೆಕ್ಕ ಪ್ರತಿವರ್ಷ ಆರು ಮೈಲಿ ಹೆಚ್ಚಾಗುತ್ತಿತ್ತು. ಅವರ ಮನೆಯಿಂದ ನಮ್ಮ ಗ್ಯಾರೇಜಿಗೆ ಮೂರು, ವಾಪಸು ಮೂರು. ಒಂದು ವರ್ಷ ಮಾತ್ರ ಹದಿನಾಲ್ಕು ಏರಿತ್ತು. ನಾನು ಕಣ್ಣರಳಿಸಿ ಕೇಳಿದರೆ, ಚರಂಡಿ ಕೆಲಸಕ್ಕೆ ರಸ್ತೆ ಅಗೆದು ಸುತ್ತುಬಳಸಿ ಬಿಟ್ಟಿದ್ದರಂತೆ. ಐರಿಸ್ ಅದನ್ನು ಇವತ್ತಿಗೂ "ನಮ್ಮ ಪ್ರವಾಸ" ಎನ್ನುತ್ತಾರೆ.

ಹಾಗೆಂದು ಹೆಡ್ಲಿ ಗಾಡಿಯನ್ನು ತುಕ್ಕು ಹಿಡಿಯಲು ಬಿಟ್ಟವರಲ್ಲ. ಪ್ರತಿ ಭಾನುವಾರ ಎಂಜಿನ್ ಹತ್ತಿಸಿ, ಮನೆಯ ಮುಂದೆಯೇ ಒಂದು ಅಡಿ ಮುಂದೆ, ಒಂದು ಅಡಿ ಹಿಂದೆ ಓಡಿಸುತ್ತಿದ್ದರು. ಟೈರು ಸವೆಯುವ ಮೊದಲೇ, ಬರೀ ವಯಸ್ಸಾಯಿತೆಂದು ಬದಲಾಯಿಸುತ್ತಿದ್ದರು. ಎಣ್ಣೆ ಹೊಸದು, ಬ್ರೇಕು ಹೊಸದು. ಮುಂದಿನ ಗಾಜು ತೊಳೆಯುವ ನೀರಿನ ಬುಡ್ಡಿ ಕಂಠಮಟ್ಟ ತುಂಬಿರುತ್ತಿತ್ತು. ವರ್ಷಕ್ಕೊಮ್ಮೆ ಕೀತ್ ಗುಂಡಿ ಒತ್ತಿದಾಗ ಒಂದೇ ಒಂದು ಚಿಮ್ಮು, ಅಷ್ಟೇ ಅದರ ಖರ್ಚು. ಬೇಸಿಗೆಯಲ್ಲಿ ಗಂಡ ಹೆಂಡತಿ ಗಾಡಿಯ ಪಕ್ಕದಲ್ಲೇ ಮಡಚುವ ಕುರ್ಚಿ ಹಾಕಿಕೊಂಡು, ತಮ್ಮ ಮನೆಯ ಮುಂಬಾಗಿಲನ್ನೇ ನೋಡುತ್ತ ಟೀ ಕುಡಿಯುತ್ತಿದ್ದರು. ಪಾಸಾದ ಹತ್ತೊಂಬತ್ತು ಕಾಗದಗಳಿಗೂ ಚೌಕಟ್ಟು ಹಾಕಿಸಿ ಕೆಳಮಹಡಿಯ ಶೌಚಾಲಯದ ಗೋಡೆಗೆ ತೂಗುಹಾಕಿದ್ದರು. ಆ ಮನೆಗೆ ಹೋದ ನೆಂಟರು ಬಾಗಿಲು ಹಾಕಿಕೊಂಡು ಬಹಳ ಹೊತ್ತು ಹೊರಗೆ ಬರುತ್ತಿರಲಿಲ್ಲ. ಹೊಟ್ಟೆ ಕೆಟ್ಟು ಅಲ್ಲ, ಓದುತ್ತ.

"ಮನೆಗಾಡಿ ಪಾಸಾಗೋದು ಸುಲಭ ಕಣೇ ಅಕ್ಕ" ಎನ್ನುತ್ತಿದ್ದ ಕೀತ್. "ಬೀರುವಿನಲ್ಲಿಟ್ಟ ಕಪ್ಪು ಎಲ್ಲಾದರೂ ಒಡೆಯುತ್ತಾ?"

ಹೋದ ಏಪ್ರಿಲ್ ಕೊನೆಯಲ್ಲಿ ಐರಿಸ್ ಒಬ್ಬರೇ ಬಸ್ಸಿನಲ್ಲಿ ಬಂದರು. ಕೈಯಲ್ಲಿ ನಿಂಬೆ ಕೇಕು. ನಮ್ಮೂರಲ್ಲಿ ಕೇಕು ತಂದವರು ಏನಾದರೂ ಕೇಳಲೇ ಬಂದಿರುತ್ತಾರೆ, ಹಾಗಾಗಿ ನಾನು ಮೊದಲು ಚಾಕು ತಂದೆ, ಆಮೇಲೆ ಕಿವಿ ಕೊಟ್ಟೆ.

"ಪಾಲೀನ್, ಒಂದು ಉಪಕಾರ ಮಾಡ್ತೀಯಾ ಚಿನ್ನ? ಈ ಸಲ ದೊರೆಸಾನೀನ ಫೇಲ್ ಮಾಡಿಸಿಬಿಡು."

ಕಾರಿನಡಿಯಲ್ಲಿ ಮಲಗಿದ್ದ ಕೀತ್ ಚಕ್ರದ ಹಲಗೆಯ ಸಮೇತ ಹೊರಗೆ ಜಾರಿದ. "ಏನಂದ್ರಿ?"

"ಒಂದೇ ಒಂದ್ಸಲ. ದೊಡ್ಡದೇನೂ ಬೇಡ, ಒಂದು ಬಲ್ಬು ಸಾಕು. ಹೊಸ ಕಾರ್ಪೆಟ್ ಹಾಕಿದ ಮನೇಲಿ ಮೊದಲ ಸಲ ಟೀ ಚೆಲ್ಲೋವರೆಗೂ ಯಾರನ್ನೂ ನಡೆದಾಡೋಕೆ ಬಿಡಲ್ಲ, ನೋಡಿದೀಯಲ್ಲ? ಹಾಗೇ ಇದು. ಒಂದ್ಸಲ ಚೆಲ್ಲಿಬಿಟ್ರೆ ಆಮೇಲೆ ಹೆಡ್ಲಿಗೆ ಕಾಪಾಡೋಕೆ ಏನೂ ಉಳಿಯಲ್ಲ. ಗಾಡಿ ಹೊರಡುತ್ತೆ."

"ಆಗಲ್ಲ ಐರಿಸ್" ಎಂದ ಕೀತ್. "ಇರೋ ದೋಷ ಬಿಟ್ರೂ ನನ್ನ ಲೈಸೆನ್ಸ್ ಹೋಗುತ್ತೆ, ಇಲ್ಲದ ದೋಷ ಬರೆದ್ರೂ ಹೋಗುತ್ತೆ. ನಿಮ್ಮ ಯಜಮಾನರು ಒಂದು ತುಕ್ಕಿನ ಚುಕ್ಕೆನಾದ್ರೂ ಕೊಟ್ಟಿದ್ರೆ ನೋಡಬಹುದಿತ್ತು. ಆ ಗಾಡಿ ಅಡಿ ಭಾಗ ನನ್ನ ಊಟದ ತಟ್ಟೆಗಿಂತ ಚೊಕ್ಕ."

"ಅದು ನಿನ್ನ ತಟ್ಟೆ ತಪ್ಪು" ಎಂದೆ ನಾನು.

ಐರಿಸ್ ನಗಲಿಲ್ಲ. ಕೈಚೀಲದಿಂದ ಒಂದು ಹಳೆಯ ಚಿತ್ರದ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. ಬಿಳಿ ಮರಳು, ನೀಲಿ ನೀರು, ಒಂದು ಒಂಟಿ ಹಸು. ಸ್ಕಾಟ್ಲೆಂಡಿನ ಉತ್ತರ ತುದಿಯ ಆರ್ಡ್‌ಮೋರಾ ಎಂಬ ಊರು. ಹಿಂದುಗಡೆ ಯಾರೋ ದುಂಡಗೆ ಬರೆದಿದ್ದರು: "ಹೊಸ ದಂಪತಿಗಳಿಗೆ ಕೋಣೆ ಸಿದ್ಧವಿದೆ. ಕಿಟಕಿಯಿಂದ ಸಮುದ್ರ ಕಾಣುತ್ತದೆ."

ನಲವತ್ತೊಂಬತ್ತು ವರ್ಷದ ಹಿಂದೆ ಮದುವೆಯಾದ ಮಧ್ಯಾಹ್ನವೇ ಇಬ್ಬರೂ ಹಳೇ ಕಾರೊಂದರಲ್ಲಿ ಆ ಕಡಲತೀರಕ್ಕೆ ಹೊರಟಿದ್ದರಂತೆ. ಮನೆಯಿಂದ ನಲವತ್ತು ಮೈಲಿ ದಾಟಿರಲಿಲ್ಲ, ಸ್ಟೇನ್‌ಮೋರ್ ದಿಣ್ಣೆಯ ಮೇಲೆ ಕಾರು ಹೊಗೆ ಕಾರಿ ನಿಂತುಬಿಟ್ಟಿತು. ಜಡಿಮಳೆ. ಕೊನೆಗೆ ಕುರಿ ತುಂಬಿದ ಲಾರಿಯವನೊಬ್ಬ ಕರುಣೆ ತೋರಿಸಿ ವಾಪಸು ಊರಿಗೆ ತಂದುಬಿಟ್ಟ. ಐರಿಸ್ ಮುಂದೆ, ಚಾಲಕನಿಗೂ ಅವನ ನಾಯಿಗೂ ನಡುವೆ. ಹೆಡ್ಲಿ ಮದುವೆಯ ಸೂಟಿನಲ್ಲಿ ಹಿಂದೆ, ಕುರಿಗಳ ನಡುವೆ.

"ನನಗೆ ಅದು ನಗೋ ವಿಷಯ" ಎಂದರು ಐರಿಸ್. "ಅವನಿಗೆ ಅಲ್ಲ. ಮನೆ ಮುಂದೆ ಇಳಿದಾಗ ನಮ್ಮಪ್ಪ ಬಾಗಿಲಲ್ಲಿ ನಿಂತು 'ಇಷ್ಟು ಬೇಗ ವಾಪಸ್ ಕೊಡೋಕೆ ಬಂದ್ಯಾ?' ಅಂದ್ರು. ಅವತ್ತೇ ತೀರ್ಮಾನ ಮಾಡ್ದ, ಇನ್ನು ಯಾವತ್ತೂ ನನ್ನನ್ನ ದಾರಿ ಮಧ್ಯೆ ನಿಲ್ಲಿಸಲ್ಲ ಅಂತ. ಮಾತು ಉಳಿಸಿಕೊಂಡಿದಾನೆ. ಹೊರಡಿಸೇ ಇಲ್ಲ."

"ಬಸ್ಸಲ್ಲಿ ಹೋಗಬಹುದಲ್ಲ?" ಎಂದ ಕೀತ್. ಗಂಡಸರು ಹೀಗೆ.

"ನನಗೆ ಬೇಕಾಗಿರೋದು ಮರಳಲ್ಲಪ್ಪ, ಅವನು ನನ್ನ ಅಲ್ಲಿಗೆ ಕರ್ಕೊಂಡು ಹೋಗೋದು. ಮೊಣಕಾಲು ಬೇರೆ ಕೈ ಕೊಡ್ತಿದೆ. ಈ ವರ್ಷ ಆ ಗಾಡಿ ಮೆಟ್ಟಿಲು ಹತ್ತೋಕೆ ಮಧ್ಯೆ ನಿಂತು ಉಸಿರು ತಗೋತೀನಿ. ಮುಂದಿನ ವರ್ಷ ನನ್ನ ಹತ್ತಿಸೋಕೆ ಕ್ರೇನೇ ತರಬೇಕು. ಕ್ರೇನಿಗೂ ಎಂಒಟಿ ಆಗಿದೆಯಾ ಅಂತ ಮೊದಲು ಕೇಳ್ತಾನೆ, ನೋಡ್ತಿರು."

ಕೇಕು ಚೆನ್ನಾಗಿತ್ತು. ಉಪಕಾರ ಮಾಡಲಾಗಲಿಲ್ಲ.

ಹೆಡ್ಲಿಯ ದಿನ ಯಾವಾಗಲೂ ಮೇ ಹದಿನಾಲ್ಕು, ಕಾಗದದ ಅವಧಿ ಮುಗಿಯುವ ಕಟ್ಟಕಡೆಯ ದಿನ. ಮೊದಲೇ ಮಾಡಿಸಿದರೆ ದಿನ ದಂಡವಾಯಿತು, ತಡವಾದರೆ ಅಪರಾಧವಾಯಿತು ಎನ್ನುವ ಲೆಕ್ಕ. ಹದಿಮೂರನೇ ತಾರೀಖು ಬೆಳಿಗ್ಗೆ ನಮ್ಮ ಯಂತ್ರಗಳನ್ನು ಪರೀಕ್ಷಿಸುವವನು ಬಂದ. ಹೌದು, ಗಾಡಿ ಪರೀಕ್ಷಿಸುವ ಯಂತ್ರಕ್ಕೂ ವರ್ಷಕ್ಕೊಮ್ಮೆ ಪರೀಕ್ಷೆ ಇದೆ. ಬ್ರೇಕು ಅಳೆಯುವ ನಮ್ಮ ಉರುಳೆಯನ್ನು ಅವನು ಮೂರು ಸಲ ತಿರುಗಿಸಿ ನೋಡಿದ, ನಾಲ್ಕನೇ ಸಲ ತಲೆಯಾಡಿಸಿದ, ಅದರ ಮೇಲೆ ಕೆಂಪು ಚೀಟಿ ಅಂಟಿಸಿದ. ಬಿಡಿಭಾಗ ಬರಲು ಮೂರು ವಾರ. ಅಲ್ಲಿಯವರೆಗೆ ತಪಾಸಣೆ ಬಂದ್.

ಕೀತ್ ನನ್ನ ಮೇಜಿನ ಹತ್ತಿರ ಬಂದು ನಿಂತ. ನಾನು ಚಾಕೊಲೇಟ್ ಡಬ್ಬಿ ಮುಂದೆ ತಳ್ಳಿದೆ.

ಹೆಡ್ಲಿಗೆ ಫೋನ್ ಮಾಡಿ ತಿಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಅವರು ಗಾಡಿಯ ಕಾಗದಗಳ ಕಡತ ಕಂಕುಳಲ್ಲಿ ಇಟ್ಟುಕೊಂಡು ಓಡೋಡಿ ಬಂದರು. ಹಿಂದೆ ಐರಿಸ್, ನಿಧಾನಕ್ಕೆ. ಬಂದದ್ದು ಬಸ್ಸಿನಲ್ಲಿ. ದೊರೆಸಾನಿ ಇಂಥ ಚಿಲ್ಲರೆ ಕೆಲಸಕ್ಕೆಲ್ಲ ಬರುವವಳಲ್ಲ.

"ಮೂರು ವಾರಾನಾ?" ಹೆಡ್ಲಿ ನನ್ನ ಮೇಜಿನ ಮೇಲೆ ಬಾಗಿದರು. "ಪಾಲೀನ್, ನಾಳೆ ರಾತ್ರಿ ಹನ್ನೆರಡಾದ ಮೇಲೆ ಅವಳ ಹತ್ರ ಕಾಗದಾನೇ ಇರಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನ ಇಲ್ಲದೆ ಇರ್ಲಿಲ್ಲ!"

"ಮನೆ ಮುಂದೆ ನಿಂತಿರೋಕೆ ಕಾಗದ ಯಾಕೆ?" ಎಂದರು ಐರಿಸ್.

"ಅದು ಮರ್ಯಾದೆ ಪ್ರಶ್ನೆ."

ಸುತ್ತಲಿನ ಗ್ಯಾರೇಜುಗಳಿಗೆಲ್ಲ ಅವರ ಎದುರೇ ಫೋನ್ ಮಾಡಿದೆ. ದೊರೆಸಾನಿಯ ತಲೆ ಎತ್ತರ. ಒಬ್ಬರ ಬಾಗಿಲಿಗೂ ಹಿಡಿಸುವುದಿಲ್ಲ. ಎತ್ತರದ ಬಾಗಿಲಿರುವ ಒಂದೇ ಕಡೆ ಬಸ್ ಡಿಪೊ, ಅಲ್ಲಿ ಜೂನ್ ಕೊನೆಯವರೆಗೂ ಜಾಗವಿಲ್ಲ.

"ನೋಡು ಪಾಲೀನ್, ಎಲ್ಲಾದರೂ ಬೇಗ ಸಿಗುತ್ತಾ ನೋಡು."

"ಎಲ್ಲಾದರೂ?"

"ಎಲ್ಲಾದರೂ."

ಹೆಡ್ಲಿಯ ಬೆನ್ನ ಹಿಂದೆ ಐರಿಸ್ ಕೈಚೀಲದಲ್ಲಿ ಕರ್ಚೀಫು ಹುಡುಕುತ್ತಿದ್ದರು. ಕರ್ಚೀಫು ಸಿಗಲಿಲ್ಲ. ಬದಲಿಗೆ ಆ ಚಿತ್ರದ ಕಾರ್ಡು ಹೊರಗೆ ಬಂತು, ಹಸು ನನ್ನ ಕಡೆ ಮುಖ ಮಾಡಿತು. ನಾನು ಕೀತ್‌ನನ್ನು ಕರೆದೆ.

"ಲೋ, ನಿನ್ನ ಜೊತೆ ಕೆಲಸ ಕಲಿತ ಸ್ಕಾಟ್ಲೆಂಡಿನವನು ಮರ್ಡೋ, ಅವನ ಗ್ಯಾರೇಜು ಎಲ್ಲಿ?"

"ಉತ್ತರ ತುದೀಲಿ. ಮೀನಿನ ಲಾರಿ ತಪಾಸಣೆ ಮಾಡ್ತಾನೆ. ಅದರಾಚೆ ಬರೀ ಸಮುದ್ರ. ಯಾಕೆ?"

"ಅವನ ಬಾಗಿಲು ಎತ್ತರ ಇದೆಯಾ?"

ಕೀತ್ ನನ್ನನ್ನು ನೋಡಿದ, ಕಾರ್ಡು ನೋಡಿದ, ಐರಿಸ್ ಮುಖ ನೋಡಿದ. ಅವನು ದಡ್ಡನಲ್ಲ, ನಿಧಾನ ಅಷ್ಟೇ. "ಜಿರಾಫೆ ಹೋಗುತ್ತೆ" ಎಂದ.

ಮರ್ಡೋ ಹದಿನೇಳನೇ ತಾರೀಖು ಬೆಳಿಗ್ಗೆ ಹನ್ನೊಂದಕ್ಕೆ ಬನ್ನಿ ಎಂದ. ನಾನು ಹೆಡ್ಲಿಯ ಹೆಸರು ಬರೆಸಿ ಫೋನ್ ಇಟ್ಟೆ. ಆಮೇಲೆ ಊರಿನ ಹೆಸರು ಹೇಳಿದೆ: ಆರ್ಡ್‌ಮೋರಾ.

ಹೆಡ್ಲಿ ಕಡತ ಕೆಳಗಿಟ್ಟರು. "ಅದು ನಾನೂರು ಮೈಲಿ."

"ನಾನೂರ ಮೂವತ್ತು."

"ಕಾಗದ ಇಲ್ಲದ ಗಾಡೀನ ನಾನೂರ ಮೂವತ್ತು ಮೈಲಿ ಓಡಿಸು ಅಂತೀಯಾ?"

"ನಿಯಮ ನೀವೇ ಹೇಳಿ ಹೆಡ್ಲಿ. ಕಾಗದ ಮುಗಿದ ಗಾಡಿ ಎಲ್ಲಿಗೆ ಹೋಗಬಹುದು?"

ಅವರಿಗೆ ಬಾಯಿಪಾಠ. "ಮೊದಲೇ ಗೊತ್ತು ಮಾಡಿಕೊಂಡ ತಪಾಸಣೆಗೆ ಹೋಗಬಹುದು. ಬೇರೆಲ್ಲಿಗೂ ಹೋಗೋ ಹಾಗಿಲ್ಲ."

"ಎಷ್ಟು ಮೈಲಿ ಒಳಗೆ ಅಂತ ಇದೆಯಾ?"

ಹೆಡ್ಲಿ ಕಡತ ತೆರೆದರು, ಮುಚ್ಚಿದರು. "ಇಲ್ಲ" ಎಂದರು ಕೊನೆಗೆ, ಯಾರೋ ಮೋಸ ಮಾಡಿದ ಹಾಗೆ.

"ಹಾಗಾದ್ರೆ ಸಿಗ್ನಲ್ ಬಿದ್ದಿದೆ. ಸಿಗ್ನಲ್ ಬಿದ್ದ ಮೇಲೂ ನಿಂತಿರೋ ಗಾಡಿಗೆ ನಿಮ್ಮ ಕ್ಯಾಬಿನ್ನಿನಲ್ಲಿ ಏನಂತಿದ್ರಿ?"

ಹೆಡ್ಲಿ ಕಡತ ಎತ್ತಿಕೊಂಡರು. ಏನಂತಿದ್ದರೆಂದು ಐರಿಸ್ ಹೇಳಿದರು. ಅದನ್ನು ಇಲ್ಲಿ ಬರೆಯಲಾಗದು. ರೈಲ್ವೆಯವರ ಹೆಂಡತಿ, ಎಲ್ಲ ಶಬ್ದವೂ ಗೊತ್ತು.

ಹದಿನೈದರ ಬೆಳಿಗ್ಗೆ ಹೊರಟರು. ಬೀದಿಯವರೆಲ್ಲ ಬಾಗಿಲಲ್ಲಿ ನಿಂತು ನೋಡಿದರಂತೆ. ಎದುರು ಮನೆಯ ಕರ್ಕಪ್ ದಂಪತಿ ತಮ್ಮ ಕಿಟಕಿಯಿಂದ ಬೆಟ್ಟ ಕಾಣುತ್ತದೆ ಎಂಬುದನ್ನು ಅವತ್ತೇ ಮೊದಲು ತಿಳಿದದ್ದು.

ಎರಡು ಗಂಟೆ ಕಳೆದಿತ್ತು. ಐರಿಸ್ ಫೋನ್ ಮಾಡಿದರು.

"ಸ್ಟೇನ್‌ಮೋರ್ ದಿಣ್ಣೆ ಮೇಲೆ ನಿಂತಿದೀವಿ."

"ಕೆಟ್ಟು ಹೋಯ್ತಾ?"

"ಇಲ್ಲ ಚಿನ್ನ. ಅವನೇ ನಿಲ್ಲಿಸಿದಾನೆ. ಅದೇ ಜಾಗ ಅಂತೆ. ಇಪ್ಪತ್ತು ನಿಮಿಷದಿಂದ ಗಾಡಿ ಕೆಳಗೆ ಮಲಗಿದಾನೆ, ಕಾಲು ಮಾತ್ರ ಕಾಣ್ತಿದೆ." ಆಮೇಲೆ ಫೋನಿನಿಂದ ಬಾಯಿ ದೂರ ಮಾಡಿ, "ಏನಾದ್ರೂ ಸೋರ್ತಿದೆಯಾ ಹೆಡ್ಲಿ?"

ದೂರದಿಂದ ಅನುಮಾನದ ದನಿ ಬಂತು. "ಏನೂ ಸೋರ್ತಿಲ್ಲ."

"ನೋಡು, ಅದಕ್ಕೇ ಗಾಬರಿ ಆಗಿದಾನೆ" ಎಂದರು ಐರಿಸ್. "ಅವನಿಗೆ ಒಂದು ಸ್ಯಾಂಡ್‌ವಿಚ್ ಕೊಟ್ಟು ಎಬ್ಬಿಸ್ತೀನಿ."

ಅವತ್ತು ಮತ್ತೆ ಫೋನ್ ಬರಲಿಲ್ಲ. ನಾನು ದಿನವಿಡೀ ಅದನ್ನೇ ನೋಡುತ್ತಿದ್ದೆ. ದಿಣ್ಣೆಯ ಮೇಲೆ ಒಂದು ಟೈರು ಬುಸ್ಸೆಂದರೆ ಸಾಕು, ಹೆಡ್ಲಿ ಇನ್ನು ಯಾವತ್ತೂ ಮನೆ ಬಿಡುವವರಲ್ಲ. ಐರಿಸ್‌ನ ಮೊಣಕಾಲಂತೂ ಕಾಯುವುದಿಲ್ಲ. ಕಳಿಸಿದವಳು ನಾನು ತಾನೇ? ಚಾಕೊಲೇಟ್ ಬಿಸ್ಕತ್ತು ನಾನೇ ನಾಲ್ಕು ತಿಂದೆ.

ಮಾರನೆಯ ದಿನ ಮಧ್ಯಾಹ್ನ ಸ್ಕಾಟ್ಲೆಂಡಿನ ಪರ್ತ್ ಊರಿನ ಹತ್ತಿರದಿಂದ ಒಬ್ಬ ಪೊಲೀಸಿನವನ ಫೋನು.

"ಮೇಡಂ, ಇಲ್ಲಿ ಒಬ್ರು ಎಂಒಟಿ ಮುಗಿದ ಮನೆಗಾಡಿ ಓಡಿಸ್ಕೊಂಡು ಬಂದಿದಾರೆ. ತಪಾಸಣೆಗೆ ಹೋಗ್ತಿದೀನಿ ಅಂತಾರೆ. ಕಾಗದದಲ್ಲಿ ನಿಮ್ಮ ನಂಬರ್ ಇದೆ."

"ನಿಜ ಸಾರ್. ನಾಳೆ ಹನ್ನೊಂದಕ್ಕೆ, ಆರ್ಡ್‌ಮೋರಾದಲ್ಲಿ. ನಾನೇ ಗೊತ್ತು ಮಾಡಿದ್ದು."

"ಬಂದಿರೋದು ಯಾರ್ಕ್‌ಶರ್‌ನಿಂದ."

"ಹೌದು ಸಾರ್."

ತನ್ನ ನೌಕರಿಯಲ್ಲಿ ಕೇಳಿದ ನೆವಗಳನ್ನೆಲ್ಲ ಅವನು ಮನಸ್ಸಿನಲ್ಲೇ ತಿರುವಿಹಾಕುತ್ತಿದ್ದಿರಬೇಕು. ಆಮೇಲೆ ಗಾಡಿಯ ಕಡೆ ತಿರುಗಿ ಕೇಳಿದ್ದು ನನಗೆ ಕೇಳಿಸಿತು. "ಹತ್ತಿರದಲ್ಲೆಲ್ಲೂ ಸಿಗಲಿಲ್ವಾ ಯಜಮಾನ್ರೇ?"

ಹೆಡ್ಲಿ ಉತ್ತರಿಸುವ ಮೊದಲೇ ಐರಿಸ್ ಹೇಳಿದರು. "ಸಿಗಲಿಲ್ಲಪ್ಪ. ನಲವತ್ತೊಂಬತ್ತು ವರ್ಷದಿಂದ ಹುಡುಕ್ತಿದೀವಿ."

"ನಿನ್ನೆ ರಾತ್ರಿ ಎಲ್ಲಿದ್ರಿ?"

"ಒಂದು ಕೆರೆ ಪಕ್ಕ ಮಲಗಿದ್ವಿ" ಎಂದರು ಹೆಡ್ಲಿ, ಕಟಕಟೆಯಲ್ಲಿ ನಿಂತವರ ಹಾಗೆ. "ದಣಿದು ಗಾಡಿ ಓಡಿಸಬಾರದು ಅಂತ ಇನ್ನೊಂದು ನಿಯಮ ಇದೆ ಸಾರ್. ಎರಡೂ ನಿಯಮ ಪಾಲಿಸಬೇಕಲ್ಲ?"

ಪೊಲೀಸಿನವನು ನನಗೆ ಹೇಳಿದ, "ಮೇಡಂ, ನನ್ನ ಹೆಂಡ್ತಿಗೆ ಈ ನಿಯಮದ ವಿಷಯ ದಯವಿಟ್ಟು ಹೇಳಬೇಡಿ." ಗಾಡಿ ಬಿಟ್ಟ.

ಹದಿನೇಳು. ಹನ್ನೊಂದಾಯಿತು, ಹನ್ನೆರಡಾಯಿತು. ಹನ್ನೆರಡೂಕಾಲಿಗೆ ಫೋನು. ಮರ್ಡೋ.

"ಪಾಲೀನ್, ನಿನ್ನ ಗಿರಾಕಿಗೆ ಸ್ವಲ್ಪ ಬುದ್ಧಿ ಹೇಳಮ್ಮ."

"ಏನಾಯ್ತು? ಬ್ರೇಕಾ?"

"ಬ್ರೇಕು, ಸ್ಟೀರಿಂಗು, ದೀಪ, ಎಲ್ಲ ಹೊಸ ಮದುಮಗಳ ಹಾಗಿದೆ. ಆದರೆ ಗಾಜು ತೊಳೆಯೋ ಬುಡ್ಡೀಲಿ ತೊಟ್ಟು ನೀರಿಲ್ಲ. ನಿನ್ನೆ ಇಲ್ಲಿಯ ಒಂದೇ ಗಾಡಿ ಹಿಡಿಸೋ ದಾರೀಲಿ ಮೂವತ್ತು ಮೈಲಿ ಒಂದು ಕುರಿ ಲಾರಿ ಹಿಂದೇನೇ ಬಂದ್ರಂತೆ. ಮುಂದೆ ದಾಟೋಕೆ ಜಾಗ ಇಲ್ಲ, ಕುರಿಗಳು ಸುಮ್ಮನಿರಲ್ಲ. ಗಾಜಿನ ಮೇಲೆ ಏನೇನು ಬಿತ್ತು ಅಂತ ನಾನು ಹೇಳಲ್ಲ, ನೀನು ಊಟ ಮಾಡಬೇಕು. ತೊಳೆದು ತೊಳೆದು ಖಾಲಿ ಮಾಡಿದಾರೆ."

"ನೀರಿಲ್ದಿದ್ರೆ ಫೇಲ್ ತಾನೇ?"

"ಅಯ್ಯೋ, ನಾನಿನ್ನೂ ಏನೂ ಬರೆದಿರಲಿಲ್ಲ. ಒಂದು ಚೊಂಬು ನೀರು ಹಾಕಿ ಬನ್ನಿ, ನಾನು ಅಷ್ಟರಲ್ಲಿ ಕೈ ತೊಳ್ಕೊಂಡು ಬರ್ತೀನಿ ಅಂದೆ. ಬೇಡ, ಫೇಲ್ ಅಂತ ಬರಿ ಅಂತಾನೆ! ಫೇಲ್ ಮಾಡಬೇಡ ಅಂತ ಕಣ್ಣೀರು ಹಾಕ್ದೋರನ್ನ ನೋಡಿದೀನಿ, ಕಣ್ಣು ಕೆಂಪಗೆ ಮಾಡ್ದೋರನ್ನ ನೋಡಿದೀನಿ. ಮಾಡು ಅಂತ ಜಗಳಕ್ಕೆ ನಿಂತೋನು ಇವನೊಬ್ನೇ. ತಗೋ, ನೀನೇ ಮಾತಾಡು."

ಹೆಡ್ಲಿಯ ದನಿ ಬಂತು. ಹಿಂದೆ ಕಡಲಹಕ್ಕಿಗಳ ಗಲಾಟೆ.

"ಪಾಲೀನ್, ನಾನು ಗಾಡಿ ತಂದು ಒಳಗೆ ನಿಲ್ಲಿಸಿದಾಗ ಬುಡ್ಡಿ ಖಾಲಿ ಇತ್ತು. ಖಾಲಿ ಅಂದ್ರೆ ಖಾಲಿ. ನಿಯಮ ನಿಯಮಾನೇ."

"ಹೆಡ್ಲಿ, ಯೋಚನೆ ಮಾಡಿ. ಒಂದ್ಸಲ ಬರೆದ್ರೆ ಅಳಿಸೋಕಾಗಲ್ಲ. ಹತ್ತೊಂಬತ್ತು ವರ್ಷದ ದಾಖಲೆ ಹೋಗುತ್ತೆ."

"ಹತ್ತೊಂಬತ್ತು ವರ್ಷ ಆ ಬುಡ್ಡಿ ಖಾಲಿ ಆಗಿಲ್ಲಮ್ಮ" ಎಂದರು. "ಈಗ ಆಗಿದೆ. ಅದು ಎಲ್ಲಾದರೂ ಬರೆದಿರಬೇಕು ಅನ್ಸುತ್ತೆ ನನಗೆ."

"ಐರಿಸ್ ಎಲ್ಲಿ?" ಎಂದೆ.

"ಕೆಳಗೆ, ಮರಳಲ್ಲಿ. ಷೂ ಬಿಚ್ಚಿ ನೀರಿಗಿಳಿದಿದಾಳೆ. ಮಂಜುಗಡ್ಡೆ ತಣ್ಣಗಿದೆ ಅಂತ ಕಿರುಚ್ತಿದಾಳೆ, ನಿನಗೆ ಕೇಳಿಸ್ತಿಲ್ವಾ? ಅದು ಹಕ್ಕಿ ಅಲ್ಲ."

ಮರ್ಡೋ ಫೇಲ್ ಎಂದು ಬರೆದ. ಹೆಡ್ಲಿ ಒಂದು ಚೊಂಬು ನೀರು ಹಾಕಿದರು. ಮರ್ಡೋ ಗುಂಡಿ ಒತ್ತಿದ, ನೀರು ಚಿಮ್ಮಿತು, ಪಾಸ್ ಎಂದು ಬರೆದ. ಎರಡರ ನಡುವೆ ಒಂಬತ್ತು ನಿಮಿಷ. ಪಾಸಾದ ಮೇಲೆ ಗಾಡಿ ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಅವರು ಎಲ್ಲಿಗೂ ಹೋಗದೆ ಹನ್ನೊಂದು ದಿನ ಆ ಮರಳಿನ ಪಕ್ಕದಲ್ಲೇ ಮಡಚುವ ಕುರ್ಚಿ ಹಾಕಿಕೊಂಡು ಕೂತರು. ಈ ಸಲ ಎದುರಿಗೆ ಮನೆಯ ಬಾಗಿಲಿರಲಿಲ್ಲ, ಅಷ್ಟೇ ವ್ಯತ್ಯಾಸ.

ಜೂನ್ ಮೊದಲ ವಾರ ಹೆಡ್ಲಿ ನಮ್ಮ ಗ್ಯಾರೇಜಿಗೆ ಬಂದರು. ದೊರೆಸಾನಿಯಲ್ಲೇ ಬಂದರು, ಯಾವ ಕೆಲಸವೂ ಇಲ್ಲದೆ. ಮೂಗು ಬಿಸಿಲಿಗೆ ಸುಲಿದಿತ್ತು. ನನ್ನ ಮೇಜಿನ ಮುಂದೆ ನಿಂತು, ಫೇಲಾದ ಕಾಗದವನ್ನು ಬಿಡಿಸಿ, ಮಡಿಕೆ ಸವರಿ ಇಟ್ಟರು.

"ಇದಕ್ಕೆ ನನಗೆ ಬರಬೇಕಾದ್ದು ಇದೆ."

ನಾನು ಚಾಕೊಲೇಟ್ ಡಬ್ಬಿ ತೆರೆದೆ. ಅವರು ಒಂದನ್ನು ಆರಿಸಿ, ಕಣ್ಣು ಮುಚ್ಚಿ ಕಚ್ಚಿದರು. ಅಗಿದರು. ಇನ್ನೊಂದು ಕಚ್ಚಿದರು.

"ಹತ್ತೊಂಬತ್ತು ವರ್ಷ ಇದನ್ನ ಎದುರಿಗಿಟ್ಕೊಂಡು ನನಗೆ ಆ ಒಣಕಲು ಕೊಡ್ತಿದ್ಯಾ?"

"ನಿಯಮ ನಿಯಮಾನೇ ಹೆಡ್ಲಿ."

ಐರಿಸ್‌ಗೂ ಒಂದನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡರು. ಬಾಗಿಲವರೆಗೆ ಹೋದವರು ತಿರುಗಿ ನಿಂತರು. "ಪಾಲೀನ್, ಎಂಒಟಿ ವರ್ಷಕ್ಕೆ ಒಂದೇ ಅಂತ ಎಲ್ಲಾದರೂ ಬರೆದಿದೆಯಾ?"

"ಒಂದಕ್ಕಿಂತ ಕಮ್ಮಿ ಆಗಬಾರದು ಅಷ್ಟೇ. ಜಾಸ್ತಿ ಮಾಡಿಸಬೇಡಿ ಅಂತ ಯಾರೂ ಅಂದಿಲ್ಲ. ಅಂಥ ಹುಚ್ಚು ಯಾರಿಗಿದೆ?"

"ಹಂಗಾದ್ರೆ ಸೆಪ್ಟೆಂಬರಲ್ಲಿ ದಕ್ಷಿಣ ತುದೀಲಿ ಕಾರ್ನ್‌ವಾಲ್ ಕಡೆ ಒಂದು ಒಳ್ಳೆ ತಪಾಸಣೆಯವನನ್ನ ನೋಡು. ಬಾಗಿಲು ಎತ್ತರ ಇರಬೇಕು." ಸ್ವಲ್ಪ ತಡೆದು, "ಸಮುದ್ರದ ಹತ್ರ ಇದ್ರೆ ಒಳ್ಳೇದು. ಬ್ರೇಕಿಗೆ."

"ಸುಮ್ಮನೆ ಹೋಗಿ ಬರಬಹುದಲ್ಲ ಹೆಡ್ಲಿ? ಈಗ ಕಾಗದ ಇದೆಯಲ್ಲ?"

ಅವರು ನನ್ನನ್ನು ಕನಿಕರದಿಂದ ನೋಡಿದರು. "ಕೆಲಸ ಇಲ್ಲದೆ ಯಾರಾದ್ರೂ ಅಷ್ಟು ದೂರ ಹೋಗ್ತಾರಾ?"

ಸೆಪ್ಟೆಂಬರಿನಲ್ಲಿ ಕಾರ್ನ್‌ವಾಲ್ ಆಯಿತು, ಅಕ್ಟೋಬರಿನಲ್ಲಿ ವೇಲ್ಸ್. ಎರಡೂ ಕಡೆ ಪಾಸು. ನಮ್ಮ ಉರುಳೆಯೂ ಪಾಸಾಗಿ ತಿಂಗಳುಗಳೇ ಆದವು, ಆದರೆ ದೊರೆಸಾನಿಗೆ ಈಗ ನಾವು ತೀರಾ ಹತ್ತಿರ. ಗಿರಾಕಿ ಕೈಬಿಟ್ಟಿತು ಎಂದು ಕೀತ್ ಗೊಣಗುತ್ತಾನೆ, ಆದರೂ ಬಂದ ಕಾರ್ಡುಗಳನ್ನೆಲ್ಲ ಟೀ ಕೆಟಲಿನ ಮೇಲಿನ ಗೋಡೆಗೆ ಅವನೇ ಅಂಟಿಸುತ್ತಾನೆ. ನಿನ್ನೆ ಒಂದು ಹೊಸದು ಬಂತು. ಮುಂದೆ ಕೆಂಪು ಬಂಡೆ, ಹಸಿರು ನೀರು. ಹಿಂದೆ ಐರಿಸ್‌ನ ಕೈಬರಹ:

"ಪ್ರೀತಿಯ ಪಾಲೀನ್, ಇಲ್ಲಿಯ ಹೆಡ್‌ಲೈಟ್ ತಪಾಸಣೆ ಬಹಳ ಚೆನ್ನಾಗಿದೆ ಎಂದು ಹೆಡ್ಲಿ ಹೇಳುತ್ತಾನೆ. ಏಡಿಯೂ ಚೆನ್ನಾಗಿದೆ. ಮೆಟ್ಟಿಲು ಹತ್ತುವಾಗ ಹಿಂದಿನಿಂದ ಅವನೇ ತಳ್ಳುತ್ತಾನೆ. ಕ್ರೇನು ಬೇಡವಂತೆ."